ನಮ್ಮ ಲ್ಯಾಪ್‌ಟಾಪು ನಿಧಾನವಾದ ಬಗೆ

2025ನೆಯ ಇಸವಿಯ ಮಳೆಗಾಲದಲ್ಲಿ ನಮ್ಮ ಶಾಲೆಯ ಲ್ಯಾಪ್‌ಟಾಪು ಒಂದು ವಿಚಿತ್ರವಾದ ಹಟವನ್ನು ಹಿಡಿಯಿತು. ಪತ್ರವನ್ನು ಬರೆಯುವಾಗಲೂ ಅಂಕಗಳನ್ನು ಕೂಡಿಸುವಾಗಲೂ ಅದು ತಕ್ಕಮಟ್ಟಿಗೆ ವಿಧೇಯವಾಗಿಯೇ ಇರುತ್ತಿತ್ತು. ಇಂಟರ್ನೆಟ್ಟಿನಿಂದ ಏನನ್ನಾದರೂ ಇಳಿಸಿಕೊಳ್ಳತೊಡಗಿದೊಡನೆ ಮಾತ್ರ ಅದರ ನಡೆಯೇ ಬೇರೆಯಾಗುತ್ತಿತ್ತು. ಒತ್ತಿದ ಅಕ್ಷರವು ಅರೆನಿಮಿಷದ ಮೇಲೆ ಮೂಡುವುದು. ಬಾಣದ ಗುರುತು ನಿಂತಲ್ಲಿಯೇ ನಿಲ್ಲುವುದು. ಒಳಗಿನ ಬೀಸಣಿಗೆ ಮಾತ್ರ ಜೇನುಹುಳುವಿನಂತೆ ಗುಂಯ್ಗುಡುತ್ತಲೇ ಇರುವುದು.

ಹಳೆಯ ವಿದ್ಯಾರ್ಥಿನಿಯರಾದ ನೀವು 2017ರಲ್ಲಿ ಹಣ ಕೂಡಿಸಿ ಕೊಟ್ಟ ಯಂತ್ರವೇ ಇದು. ಅದರ ಈ ದುರವಸ್ಥೆಯ ಸುದ್ದಿ ನಿಮ್ಮಲ್ಲಿ ಕೆಲವರಿಗೆ ಮುಟ್ಟಿ, ಹೊಸದನ್ನು ಕೊಳ್ಳಲು ಮತ್ತೆ ವಂತಿಗೆ ಎತ್ತುವ ಮಾತು ಹೊರಟಿತೆಂದು ಕೇಳಿದೆವು. ನಿಮ್ಮ ಪ್ರೀತಿಗೆ ನಾವು ಋಣಿಗಳು. ಆದರೆ ಹಣವನ್ನು ಕೇಳುವ ಮೊದಲು ರೋಗವೇನೆಂದು ತಿಳಿಯುವುದು ನ್ಯಾಯವಷ್ಟೆ? ಆದಕಾರಣ ನಾವು ಕಂಡುಕೊಂಡುದನ್ನು ಇಲ್ಲಿ ಬರೆಯುತ್ತೇವೆ. ನಿಮ್ಮ ಮನೆಗಳಲ್ಲಿಯೂ ಇಂಥ ಹಳೆಯ ಯಂತ್ರಗಳ ಮುಂದೆ ಮಕ್ಕಳು ಪಾಠ ಓದುತ್ತಿರುವುದರಿಂದ ಪೋಷಕರಿಗೂ ಇದು ಉಪಯೋಗವಾದೀತು.

ಆಗ ನಮ್ಮ ಕೈಯಲ್ಲಿದ್ದ ಕೆಲಸ ಸಣ್ಣದಲ್ಲ. ನಮ್ಮ ಏಳು ಮಂದಿ ಹುಡುಗಿಯರು ಎಂಟನೆಯ ತರಗತಿಯಲ್ಲಿದ್ದಾಗ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆರಿಸಲ್ಪಟ್ಟಿದ್ದರು. ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಯ ವಿದ್ಯಾರ್ಥಿವೇತನವದು; ನಾಲ್ಕು ವರ್ಷಕ್ಕೆ ಒಬ್ಬೊಬ್ಬಳಿಗೆ 48,000. ಹುಡುಗಿ ಅರ್ಜಿ ಹಾಕಿದರೆ ಸಾಲದು. ಶಾಲೆಯವರು ರಾಷ್ಟ್ರೀಯ ವಿದ್ಯಾರ್ಥಿವೇತನದ ಜಾಲತಾಣದಲ್ಲಿ ಅದನ್ನು ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕು. ಅವಧಿ ಮುಗಿಯಲು ಎರಡೇ ದಿನ ಉಳಿದಿತ್ತು. ನಾವು ಒಂದೊಂದು ಅರ್ಜಿಯನ್ನು ಇಳಿಸಿಕೊಳ್ಳಹೋದಾಗಲೂ ಯಂತ್ರವು ಸ್ತಬ್ಧವಾಗುವುದು, ಅಷ್ಟರಲ್ಲಿ ಜಾಲತಾಣವು ನಮ್ಮನ್ನು ಹೊರಗೆ ಹಾಕುವುದು. ಏಳು ಹುಡುಗಿಯರಲ್ಲಿ ಇಬ್ಬರ ತಂದೆಯರು ದಿನಗೂಲಿಯವರು ಎಂಬುದನ್ನು ನೆನೆದಾಗ ನಮಗೆ ಊಟ ಸೇರಲಿಲ್ಲ.

ಶಾಲೆಯ ಹೊತ್ತಿನಲ್ಲಿ ಕೆಲಸವು ಸಾಗದ್ದರಿಂದ ಯಂತ್ರವನ್ನು ಕಾನಸೂರಿನ ನಮ್ಮ ಮನೆಗೆ ತಂದೆವು. ಶಿರಸಿಗೂ ಸಿದ್ದಾಪುರಕ್ಕೂ ನಡುವಣ ಈ ಊರಿನಲ್ಲಿ ಆಷಾಢದ ಮಳೆ ಹೇಗಿರುವುದೆಂದು ನಿಮಗೆ ಹೇಳಬೇಕಾದುದಿಲ್ಲ. ಮರದ ಟೊಂಗೆ ಬಿದ್ದರೆ ತಂತಿ ಹೋಗುವುದು, ತಂತಿ ಹೋದರೆ ದೀಪವೂ ಹೋಗುವುದು. (1948ರಿಂದ ವಿದ್ಯುತ್ತು ಹುಟ್ಟುತ್ತಿರುವ ಜೋಗವು ನಮಗೆ ಇಷ್ಟು ಸಮೀಪವಿದ್ದೂ ಮೇಣದ ಬತ್ತಿಯನ್ನು ನಾವಿನ್ನೂ ಮರೆತಿಲ್ಲ.) ಆದುದರಿಂದ ಯಾರನ್ನು ಕೇಳಿದರೂ ಒಂದೇ ಉತ್ತರ: “ನೆಟ್ಟು ಸರಿಯಿಲ್ಲ.” ಪೇಟೆಯ ಒಬ್ಬ ಅಂಗಡಿಕಾರರು ಮಾತ್ರ ಯಂತ್ರವನ್ನು ತೆರೆದೂ ನೋಡದೆ, “ಇದರ ಆಯುಷ್ಯ ಮುಗಿಯಿತು, ಹೊಸದನ್ನು ಕೊಳ್ಳಿರಿ” ಎಂದರು.

ಆ ಸಾಯಂಕಾಲ ಪಕ್ಕದ ಮನೆಯ ಹುಡುಗಿ ಬಂದಳು. ಏಳು ಅರ್ಜಿಗಳಲ್ಲಿ ಒಂದು ಅವಳದೇ. ನಮ್ಮ ಮನೆಯ ವೈ-ಫೈಯನ್ನೇ ಫೋನಿಗೆ ಕೊಟ್ಟು ಒಂದು ಪಾಠದ ವಿಡಿಯೋವನ್ನು ಇಳಿಸಿ ನೋಡಿ, “ಅಕ್ಕೋರೇ, ನೆಟ್ಟು ಚಲೋ ಅದೆ. ಮಿಷನ್ನೇ ತ್ರಾಸು ಪಡ್ತದೆ” ಎಂದಳು. ಇಷ್ಟು ಸುಲಭವಾದ ಪರೀಕ್ಷೆಯು ದೊಡ್ಡವರಾರಿಗೂ ಹೊಳೆದಿರಲಿಲ್ಲ. ಒಂದೇ ವೈ-ಫೈಯಲ್ಲಿ ಫೋನು ಸರಾಗವಾಗಿ ಓಡಿ ಲ್ಯಾಪ್‌ಟಾಪು ಮಾತ್ರ ನಿಂತರೆ ದೋಷವು ಹೊರಗಿನ ತಂತಿಯದಲ್ಲ. ಎರಡೂ ನಿಂತರೆ ಮಾತ್ರ ತಂತಿಯವರನ್ನು ಕರೆಯತಕ್ಕದ್ದು.

ಅನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದೆವು. ಆಗ ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿ ತೆರೆಯುವುದು. ಯಂತ್ರದೊಳಗೆ ಯಾರು ಯಾರು ದುಡಿಯುತ್ತಿರುವರು, ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಇವುಗಳ ಮೇಲೆ ಎಷ್ಟೆಷ್ಟು ಭಾರ ಬಿದ್ದಿರುವುದು ಎಂಬುದು ಅದರಲ್ಲಿ ಹಾಜರಿ ಪುಸ್ತಕದಂತೆ ಕಾಣುವುದು. ನಮ್ಮದರಲ್ಲಿ ನೆಟ್‌ವರ್ಕಿನ ಮನೆಯಲ್ಲಿ ಅಲ್ಪವೇ ಇದ್ದಿತು. ಡಿಸ್ಕಿನ ಮನೆಯಲ್ಲಿ 100 ಎಂಬ ಅಂಕಿ ಕೆಂಪಾಗಿ ನಿಂತಿತ್ತು.

ಇದು ನಮಗೆ ಒಗಟಾಯಿತು. ನಮ್ಮ ಮನೆಗೆ ಬರುವ ಇಂಟರ್ನೆಟ್ಟು ಸೆಕೆಂಡಿಗೆ 20 ಮೆಗಾಬಿಟ್; ಎಂಟು ಬಿಟ್ಟುಗಳಿಗೆ ಒಂದು ಬೈಟ್ ಆದುದರಿಂದ ಹೆಚ್ಚೆಂದರೆ 2.5 ಮೆಗಾಬೈಟ್. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಕೂಡ ಒಂದೇ ಕಡತವನ್ನು ಸಾಲಾಗಿ ಬರೆಯುವುದಾದರೆ ಇದರ ಹಲವು ಪಟ್ಟು ಬರೆಯಬಲ್ಲದು. ಹೀಗಿರಲು ಇಷ್ಟು ಸಣ್ಣ ಧಾರೆಗೆ ಅದು ಮುಳುಗುವುದೇಕೆ? ಕೊನೆಗೌಡನನ್ನು ನೋಡಿದವರಿಗೆ ಇದು ಬೇಗನೆ ತಿಳಿದೀತು. ಒಂದು ಮರವನ್ನೇರಿ ಅಲ್ಲಿಂದ ಪಕ್ಕದ ಮರಕ್ಕೆ ದಾಟುತ್ತ ಸಾಲಾಗಿ ಕೊನೆ ಇಳಿಸುವುದು ಅವನಿಗೆ ಕಷ್ಟವಲ್ಲ. ತೋಟದ ಈ ಮೂಲೆಯಿಂದೊಂದು ಅಡಿಕೆ, ಆ ಮೂಲೆಯಿಂದೊಂದು ಅಡಿಕೆ ಎಂದು ನಾಲ್ವರು ಏಕಕಾಲದಲ್ಲಿ ಕೂಗಿದರೆ ದಿನವೆಲ್ಲ ಹತ್ತಿಳಿದರೂ ಬುಟ್ಟಿ ತುಂಬದು. ಹಾರ್ಡ್ ಡಿಸ್ಕಿನ ಮುಳ್ಳೂ ಹಾಗೆಯೇ ಅತ್ತಿತ್ತ ಓಡಾಡುವುದರಲ್ಲಿ ಸೋಲುವುದು, ಭಾರದಿಂದಲ್ಲ.

ಕೂಗುತ್ತಿದ್ದವರು ಯಾರೆಂದು ಡಿಸ್ಕಿನ ಮನೆಯ ತಲೆಯ ಮೇಲೆ ಒತ್ತಿ ನೋಡಿದಾಗ ನಾಲ್ವರೂ ಸಿಕ್ಕಿಬಿದ್ದರು. ವಿಂಡೋಸಿನ ಸ್ವಂತದ ವೈರಸ್ ಕಾವಲುಗಾರನು ಬಂದ ಕಡತವನ್ನೆಲ್ಲ ಬಿಚ್ಚಿ ನೋಡುತ್ತಿದ್ದನು. ಅದು ಅವನ ಧರ್ಮ. ಯಂತ್ರದೊಂದಿಗೆ ಪುಕ್ಕಟೆಯಾಗಿ ಬಂದು, ಅವಧಿ ತೀರಿ, ಆದರೂ ಮನೆ ಬಿಡದ ಇನ್ನೊಬ್ಬ ಕಾವಲುಗಾರನು ಅದೇ ಕಡತವನ್ನು ಮತ್ತೊಮ್ಮೆ ಬಿಚ್ಚುತ್ತಿದ್ದನು. ವಿಂಡೋಸಿನ ಅಪ್‌ಡೇಟು ಯಾರನ್ನೂ ಕೇಳದೆ ಹಿಂದೆ ನಿಂತು ತನ್ನ ಗಂಟನ್ನು ತಾನು ಇಳಿಸಿಕೊಳ್ಳುತ್ತಿತ್ತು. ನಾಲ್ಕನೆಯದು ಎಲ್ಲಕ್ಕಿಂತಲೂ ಸ್ವಾರಸ್ಯವಾದುದು. ಯಂತ್ರವನ್ನು ಅಣಿಮಾಡಿ ಕೊಟ್ಟವರು ಇಳಿದ ಕಡತಗಳು ಡೆಸ್ಕ್‌ಟಾಪಿಗೇ ಸೇರುವಂತೆ ಇಟ್ಟಿದ್ದರು. ಡೆಸ್ಕ್‌ಟಾಪನ್ನು ಒನ್‌ಡ್ರೈವ್ ಎಂಬುದು ಕ್ಷಣಕ್ಷಣಕ್ಕೂ ಇಂಟರ್ನೆಟ್ಟಿಗೆ ಏರಿಸುತ್ತಿತ್ತು. ಕೆರೆಯಿಂದ ತೋಟಕ್ಕೆ ಹರಿಸಿದ ನೀರನ್ನು ಅದೇ ಕಾಲುವೆಯಲ್ಲಿ ಮರಳಿ ಕೆರೆಗೆ ಹೊತ್ತ ಹಾಗಾಯಿತು.

ಇವೆಲ್ಲಕ್ಕೆ ಸ್ಥಳವಾದರೂ ಎಲ್ಲಿದೆ? ಯಂತ್ರದ ರ‍್ಯಾಮು ಕೇವಲ 4 ಜಿಬಿ. ಅದು ತುಂಬಿದೊಡನೆ ಉಳಿದುದನ್ನು ಹಾರ್ಡ್ ಡಿಸ್ಕಿನ ಮೇಲೆಯೇ ಇಟ್ಟು ತೆಗೆದು ಮಾಡುವುದರಿಂದ ಬಡ ಡಿಸ್ಕಿಗೆ ಐದನೆಯ ಕೂಗೂ ಸೇರಿತು.

ಆ ರಾತ್ರಿ ಒಂದು ಕಾಸೂ ಖರ್ಚಿಲ್ಲದೆ ಆದಷ್ಟನ್ನು ಮಾಡಿದೆವು. ಅವಧಿ ತೀರಿದ ಕಾವಲುಗಾರನನ್ನು ಕಿತ್ತುಹಾಕಿದೆವು, ವಿಂಡೋಸಿನವನನ್ನು ಮುಟ್ಟಲಿಲ್ಲ. ಅವನನ್ನೂ ಮಲಗಿಸಿದರೆ ಬೇಗ ಆಗುವುದೆಂದು ಹೇಳುವವರುಂಟು. ಅವರ ಮಾತನ್ನು ಕೇಳಬೇಡಿರಿ. “ನಿಮ್ಮ ಕಂಪ್ಯೂಟರಿನ ವೇಗವನ್ನು ಉಚಿತವಾಗಿ ಹೆಚ್ಚಿಸುವೆವು” ಎಂಬ ಜಾಹೀರಾತುಗಳನ್ನಂತೂ ಒತ್ತಲೇ ಬಾರದು. ಸೆಟ್ಟಿಂಗ್ಸಿನಲ್ಲಿ ನಮ್ಮ ವೈ-ಫೈಯನ್ನು ‘ಮೀಟರ್ಡ್’ ಎಂದು ಗುರುತಿಸಿದೊಡನೆ ಅಪ್‌ಡೇಟೂ ಒನ್‌ಡ್ರೈವೂ ತಾವಾಗಿಯೇ ಸುಮ್ಮನಾದವು. (ಇದನ್ನು ಸದಾ ಹಾಗೆಯೇ ಬಿಡತಕ್ಕದ್ದಲ್ಲ. ಈಗ ನಾವು ಶನಿವಾರದ ಮಧ್ಯಾಹ್ನ ಅದನ್ನು ತೆಗೆದು ಅಪ್‌ಡೇಟಿಗೆ ದಾರಿ ಬಿಡುತ್ತೇವೆ.) ಬ್ರೌಸರಿನಲ್ಲಿ ತೆರೆದಿದ್ದ ಹದಿನಾಲ್ಕು ಪುಟಗಳನ್ನು ಮುಚ್ಚಿ ಒಂದನ್ನೇ ಉಳಿಸಿದೆವು. ಚಳಿಗೆಂದು ಮಡಿಲ ಕಂಬಳಿಯ ಮೇಲೆ ಯಂತ್ರವನ್ನಿಟ್ಟರೆ ಗಾಳಿಯ ಕಿಂಡಿ ಮುಚ್ಚಿ ಅದು ಕಾಯುವುದು, ಕಾದಾಗ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುವುದು. ಆದುದರಿಂದ ಮಣೆಯ ಮೇಲಿಟ್ಟೆವು. ಇಷ್ಟರಿಂದಲೇ ಡಿಸ್ಕಿನ ಅಂಕಿ 100ರಿಂದ 30ರ ಆಸುಪಾಸಿಗೆ ಇಳಿಯಿತು. ನಡುವೆ ಒಮ್ಮೆ ದೀಪ ಹೋಯಿತು. ಆದರೂ ಹನ್ನೊಂದು ಗಂಟೆಯೊಳಗೆ ಏಳೂ ಅರ್ಜಿಗಳನ್ನು ನೋಡಿ ಕಳುಹಿಸಿದ್ದಾಯಿತು. ತನ್ನ ಅರ್ಜಿ ಹೋದ ಮೇಲೂ ಆ ಹುಡುಗಿ ಮನೆಗೆ ಹೋಗದೆ ಕಡೆಯದರ ವರೆಗೆ ಕುಳಿತಿದ್ದಳು. ಅವಳ ತಾಯಿಯವರು ಕೊಡೆ ಹಿಡಿದು ಬಂದು ಕರೆದೊಯ್ಯಬೇಕಾಯಿತು.

ಮುಂದಿನ ತಿಂಗಳಲ್ಲಿ 4 ಜಿಬಿಯ ರ‍್ಯಾಮನ್ನು 8 ಮಾಡಿಸಿ, ತಿರುಗುವ ಡಿಸ್ಕಿನ ಬದಲು ಎಸ್.ಎಸ್.ಡಿ. ಹಾಕಿಸಿದೆವು. ಇದರಲ್ಲಿ ಓಡಾಡುವ ಮುಳ್ಳೇ ಇಲ್ಲವಾದುದರಿಂದ ಹತ್ತು ಕಡೆಯಿಂದ ಕೂಗಿದರೂ ದಣಿಯದು. ಎರಡಕ್ಕೂ ತಗಲಿದ ವೆಚ್ಚವು ಹೊಸ ಲ್ಯಾಪ್‌ಟಾಪಿನ ಬೆಲೆಯ ಒಂದು ಸಣ್ಣ ಪಾಲು. ಶಾಲೆಯ ಸಾದಿಲ್ವಾರು ಹಣದಲ್ಲಿಯೇ ನಡೆಯಿತು. ಬೀಸಣಿಗೆಯ ಬಳಿ ಎಂಟು ಮಳೆಗಾಲಗಳ ಬೂಷ್ಟು ಮತ್ತು ಧೂಳು ಬೆರೆತು ಗಟ್ಟಿಯಾಗಿದ್ದುದನ್ನೂ ಆಗಲೇ ಮೆತ್ತನೆಯ ಕುಂಚದಿಂದ ತೆಗೆಸಿದೆವು.

ಒಂದು ಸಂಗತಿಯನ್ನು ಮಾತ್ರ ಮರೆಮಾಡಬಾರದು. ಈ ಯಂತ್ರದ ವಿಂಡೋಸ್ 10ಕ್ಕೆ ಕಂಪನಿಯವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ 14ಕ್ಕೆ ಮುಗಿಯಿತು; ಹೆಸರು ನೋಂದಾಯಿಸಿದವರಿಗೆ ರಕ್ಷಣೆಯ ತಿದ್ದುಪಡಿಗಳು 2026ರ ಅಕ್ಟೋಬರ 13ರ ವರೆಗೆ ಎಂದು ಗೊತ್ತುಮಾಡಿದರು. ವಿಂಡೋಸ್ 11 ಈ ಹಳೆಯ ಪ್ರೊಸೆಸರನ್ನು ಒಪ್ಪದು. ಆದುದರಿಂದ ಇದಕ್ಕೆ ಲಿನಕ್ಸನ್ನು ಹಾಕಿಸಬೇಕೋ ಹೊಸ ಯಂತ್ರವನ್ನೇ ತರಬೇಕೋ ಎಂಬ ಪ್ರಶ್ನೆ ಉಳಿದಿದೆ. ಕೂಡಿಸುವ ಮನಸ್ಸಿದ್ದವರು ಆ ಕಾಲಕ್ಕೆ ಕೂಡಿಸಿರಿ. ನಿಧಾನವಾಯಿತೆಂಬ ಕಾರಣಕ್ಕೆ ಈಗ ಬೇಡ.

ತೆಗೆದ ಹಳೆಯ ಡಿಸ್ಕನ್ನು ಎಸೆಯಲಿಲ್ಲ. ಅದನ್ನು ಒಂದು ಡಬ್ಬಿಗೆ ಹಾಕಿಸಿ, 2017ರಿಂದೀಚೆಗಿನ ಸ್ನೇಹ ಸಮ್ಮೇಳನಗಳ ವಿಡಿಯೋಗಳನ್ನೆಲ್ಲ ಅದರಲ್ಲಿ ಇಟ್ಟಿದ್ದೇವೆ. ಇನ್ನೊಂದು ಪ್ರತಿ ಬೇರೆ ಕಡೆ ಇದೆ. ನಿಮ್ಮ ವರ್ಷದ ಹಾಡು, ನಾಟಕ ಬೇಕಾದವರು ಖಾಲಿ ಪೆನ್ ಡ್ರೈವನ್ನು ತೆಗೆದುಕೊಂಡು ಶಾಲೆಯ ಕಚೇರಿಗೆ ಬರಬಹುದು. ಇಂಟರ್ನೆಟ್ಟಿನಲ್ಲಿ ಕಳುಹಿಸಿರೆಂದು ಮಾತ್ರ ಮಳೆಗಾಲದಲ್ಲಿ ಕೇಳಬೇಡಿರಿ.