ನಳಿಗೆಯ ಮೈಲಿಗೆ

ಶಾಸ್ತ್ರಾಭ್ಯಾಸದಲ್ಲಿ ಬಾಲ್ಯವನ್ನೂ ಮಕ್ಕಳಿಗೆ ಪಾಠ ಹೇಳುವುದರಲ್ಲಿ ಆಯುಸ್ಸಿನ ಬಹುಭಾಗವನ್ನೂ ಕಳೆದ ನನ್ನಂಥವನು ಕೋವಿಯ ವಿಷಯವಾಗಿ ಬರೆಯಹೊರಟರೆ ವಾಚಕರು ನಗಬಹುದು. ನಗಲಿ. 2019ನೆಯ ಇಸವಿಯ ವಸಂತದಲ್ಲಿ ನಾನೂ ನಮ್ಮ ಮನೆಯಾಕೆಯೂ ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ನೆರೆಮನೆಯ ವೃದ್ಧನೂ ನನ್ನಂತೆಯೇ ನಿವೃತ್ತ ಉಪಾಧ್ಯಾಯನು. ಆ ವರ್ಷ ಏಪ್ರಿಲ್ ತಿಂಗಳ ಕಡೆಯಲ್ಲಿ ಅಲ್ಲಿ ಕಾಡು ಟರ್ಕಿಕೋಳಿಯ ಬೇಟೆ ಮೊದಲಾಗುವುದಿದ್ದಿತು. ಅದಕ್ಕೆ ಒಂದು ವಾರ ಮುಂಚೆ ಆತನು ಮೋಟಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಕೋವಿಯನ್ನು ಬಿಚ್ಚಿಕೊಂಡು ಕುಳಿತಿದ್ದನು. ನೋಡಬಾರದೆಂದುಕೊಂಡೇ ಹೋಗಿ ನಿಂತೆನು.

ಕೋವಿಯಲ್ಲಿ ತೋಟಾ ಇಲ್ಲವೆಂಬುದನ್ನು ಮೊದಲು ಕಣ್ಣಿನಿಂದ, ಆಮೇಲೆ ಬೆರಳಿನಿಂದ ಪರೀಕ್ಷಿಸಿದನು. ಬಳಿಕ ನಳಿಗೆಯ ಬಾಯಿಯಿಂದ ಬೆರಳುದ್ದದ ಉಕ್ಕಿನ ಕೊಳವೆಯೊಂದನ್ನು ತಿರುಪಿ ತೆಗೆದನು. ಅದಕ್ಕೆ ಚೋಕ್ ಎಂದು ಹೆಸರು. ಅದರ ಬಾಯಿ ನಳಿಗೆಗಿಂತ ತುಸು ಕಿರಿದು; ಚರೆಗಳು ಹೊರಬಿದ್ದೊಡನೆ ಚದರಿಹೋಗದಂತೆ ಅವನ್ನು ಒತ್ತರಿಸಿ ಕಳುಹಿಸುತ್ತದೆ. 40 ಗಜ ದೂರದಲ್ಲಿ 30 ಅಂಗುಲ ವ್ಯಾಸದ ವೃತ್ತದೊಳಗೆ ನೂರಕ್ಕೆ 70 ಚರೆ ಬಿದ್ದರೆ ಅದನ್ನು ಪೂರ್ಣ ಚೋಕ್ ಎನ್ನುವುದು ವಾಡಿಕೆ. ಈಗಿನ ತೋಟಾಗಳಲ್ಲಿ ಚರೆಗಳು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕುಳಿತು ಸಾಗುತ್ತವೆ. ಆ ಬಟ್ಟಲು ಸವೆದು ಮದ್ದಿನ ಮಸಿಯೊಡನೆ ನಳಿಗೆಗೆ ಅಂಟುತ್ತದೆ. ಇಕ್ಕಟ್ಟಾದ ಚೋಕಿನಲ್ಲಂತೂ ಗಟ್ಟಿಯಾಗಿ ಕೂರುತ್ತದೆ. ಆತನು ಕೊಳವೆಯನ್ನು ದ್ರಾವಕದಲ್ಲಿ ನೆನೆಹಾಕಿ, ಕಂಚಿನ ಕುಂಚವನ್ನು ನಳಿಗೆಯ ಹಿಂಬದಿಯಿಂದ ಬಾಯಿಯ ಕಡೆಗೆ ನೂಕಿ ಉಜ್ಜಿದನು. ಹಿಂದೆಯೇ ನೂಕಿದ ಬಟ್ಟೆಯ ತುಂಡುಗಳು ಕಪ್ಪಾಗಿ ಬಂದವು. ಬಿಳಿಯದೊಂದು ಬರುವವರೆಗೂ ಬಿಡಲಿಲ್ಲ. ಎಣ್ಣೆ ಸವರಿ, ಅದನ್ನೂ ಒರೆಸಿ, ತಿರುಪಿಗೆ ತುಸು ಗ್ರೀಸು ಹಚ್ಚಿ ಚೋಕನ್ನು ಮರಳಿ ಕೂಡಿಸಿದನು. ನಮ್ಮ ತಾಯಿಯವರು ಮಡಿಪಾತ್ರೆಗಳನ್ನು ಹುಣಿಸೆಹಣ್ಣಿನಿಂದ ಬೆಳಗುತ್ತಿದ್ದುದು ಜ್ಞಾಪಕಕ್ಕೆ ಬಂದಿತು. ಈ ಹೋಲಿಕೆಯನ್ನು ಮನೆಯಾಕೆಗೆ ಹೇಳಲಿಲ್ಲ.

ಶುಚಿಮಾಡುವ ಮುಂಚೆ ಹೊಡೆದ ಮೂರು ಹಾಳೆಗಳು ಗೋಡೆಯಲ್ಲಿದ್ದವು. ಮರುದಿನ ಹೊಡೆದ ಮೂರನ್ನು ಅವುಗಳ ಪಕ್ಕದಲ್ಲಿ ತೂಗಿದನು. ಪ್ರತಿಯೊಂದರಲ್ಲೂ ಟರ್ಕಿಯ ತಲೆ, ಕೊರಳುಗಳ ಚಿತ್ರ. ಹಳೆಯವುಗಳಲ್ಲಿ ಚರೆಗಳು ಒಂದು ಮಗ್ಗುಲಿಗೆ ಗುಂಪಾಗಿ, ಕೊರಳಿನ ಬಳಿ ಅಂಗೈಯಗಲ ಬರಿದಾಗಿದ್ದಿತು. ಹೊಸವುಗಳಲ್ಲಿ ಕೊರಳು ಜರಡಿಯಾಗಿದ್ದಿತು. ತೋಟಾ ಬದಲಾದರೂ ವ್ಯತ್ಯಾಸವಾಗುವುದುಂಟೆಂದು ಆತನು ಒಂದೇ ಡಬ್ಬಿಯವನ್ನು ಹಾರಿಸಿದ್ದನು. ಒಂದು ಹಕ್ಕಿಗಾಗಿ ಇಷ್ಟು ಶ್ರಮವೇಕೆಂದು ಕೇಳಿದೆನು. ತಲೆಗೆ ತಗುಲಿದರೆ ಅಲ್ಲಿಯೇ ಬೀಳುವುದು. ಅಂಚಿನ ನಾಲ್ಕು ಚರೆ ಮೈಗೆ ತಗುಲಿದರೆ ಹಾರಿಹೋಗಿ ಪೊದೆಯಲ್ಲಿ ದಿನಗಟ್ಟಲೆ ಸಾಯುವುದು ಎಂದನು. ಸದ್ದನ್ನು ನಂಬಿ ಹಾರಿಸಲೂ ಬಾರದಂತೆ. ಹೆಣ್ಣುಹಕ್ಕಿಯಂತೆ ಕೂಗುತ್ತಿರುವವನು ಮತ್ತೊಬ್ಬ ಬೇಟೆಗಾರನೇ ಇರಬಹುದು. ದಶರಥನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ನನಗೆ ಹನ್ನೆರಡು ವರ್ಷವಾಗಿದ್ದಾಗ, ಕೆರೆಯಲ್ಲಿ ಯಾರೋ ಹೊಡೆದ ಬೆಳ್ಳಕ್ಕಿಯೊಂದು ನಮ್ಮ ಪಾಠಶಾಲೆಯ ಹಿತ್ತಿಲಿಗೆ ಬಂದು ಬಿದ್ದಿತು. ಒಂದು ರೆಕ್ಕೆ ಜೋತಿದ್ದಿತು. ಎರಡು ದಿನ ಬದುಕಿದ್ದಿತು. ಆಗ ನಮಗೆ ಬಾಲಕಾಂಡದ ಪಾಠ. ಕ್ರೌಂಚವಧೆಯನ್ನು ಬಾಯಿಪಾಠ ಮಾಡಿ ಮುಗಿಸಿದ್ದೆವು. ಹತ್ತಿರ ಹೋಗಿ ನೀರಿಡುವುದಕ್ಕೂ ಹೆದರಿ, ಕೊಲ್ಲುವುದಕ್ಕೂ ಹೆದರಿ, ಅದರ ನರಳಾಟ ಕಿವಿಗೆ ಬೀಳದಿರಲೆಂದು ನಾನು ಕಿಟಕಿಯ ಬಳಿ ಶ್ಲೋಕಗಳನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆನು. ಯಾರಿಗೂ ಹೇಳದಿದ್ದ ಇದನ್ನು ಹರಕು ಇಂಗ್ಲಿಷಿನಲ್ಲಿ ಆತನಿಗೆ ಹೇಳಿದೆನು. ಆತನು ಕುಂಚವನ್ನು ಒರೆಸುತ್ತ ಸುಮ್ಮನಿದ್ದನು.

ಬೇಟೆಗೆ ಬರುವೆಯಾ ಎಂದು ಕರೆದನು, ಹೋಗಲಿಲ್ಲ. ಹಿಂಸೆಯನ್ನು ಚೊಕ್ಕಟವಾಗಿ ಮಾಡಿದರೆ ಅದು ಹಿಂಸೆಯಲ್ಲವೆಂದು ಒಪ್ಪುವ ಬುದ್ಧಿ ನನಗಿನ್ನೂ ಬಂದಿಲ್ಲ. ಆದರೂ ಅಂದು ಬೆಳಗಾಗುವ ಮುಂಚೆಯೇ ಎಚ್ಚರವಾಗಿ, ಸ್ನಾನಮಾಡಿ ಸಂಧ್ಯಾವಂದನೆಗೆ ಕುಳಿತೆನು. ಗುಡ್ಡದ ಆಚೆಯಿಂದ ಒಂದು ಸದ್ದು ಬಂದಿತು. ಆಚಮನದ ನೀರನ್ನು ಅಂಗೈಯಲ್ಲಿ ಹಿಡಿದು ಎರಡನೆಯ ಸದ್ದಿಗಾಗಿ ಕಾದೆನು. ಬರಲಿಲ್ಲ.