ಹೆಸರು ಬದಲಾದ ಫೋನು

ನಮ್ಮ ತೋಟದ ಲೆಕ್ಕದ ಪುಸ್ತಕವೊಂದರ ಹಿಂಬದಿಯ ರಟ್ಟಿನ ಮೇಲೆ ನಮ್ಮ ತಾಯಿಯವರು ಹತ್ತು ಅಂಕಿಗಳ ಒಂದು ಸಂಖ್ಯೆಯನ್ನು ಬರೆದಿಟ್ಟಿರುವರು. ಅದರ ಪಕ್ಕದಲ್ಲಿ ಮೊದಲು 'ಹಚ್' ಎಂದಿದ್ದಿತು; ಅದನ್ನು ಹೊಡೆದು 'ಓಡಾಫೋನ್' ಎಂದಾಗಿದೆ; ಅದನ್ನೂ ಹೊಡೆದು ಕಡೆಗೆ 'ವಿ' ಎಂಬ ಒಂದೇ ಅಕ್ಷರ ನಿಂತಿದೆ. ಸಂಖ್ಯೆಯ ಮೇಲೆ ಮಾತ್ರ ಗೀಟು ಬಿದ್ದಿಲ್ಲ. ಈ ಮೂರು ಹೆಸರುಗಳ ವೃತ್ತಾಂತವನ್ನು ವಾಚಕರಿಗೆ ಅರಿಕೆಮಾಡಬೇಕೆಂದು ಬಹುದಿನಗಳಿಂದ ಎಣಿಸಿದ್ದೆವು.

ನಮ್ಮ ಮನೆಯಿರುವುದು ವಿರಾಜಪೇಟೆಗೆ ಸಮೀಪದ ಒಂದು ಗ್ರಾಮದಲ್ಲಿ. ಅಕ್ಕನವರನ್ನು ಕೊಟ್ಟದ್ದು ಮಡಿಕೇರಿಯ ಆಚೆ, ಮಕ್ಕಂದೂರಿನ ಕಡೆಗೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಮನೆಯ ಫೋನು ವಾರಗಟ್ಟಲೆ ಮೂಕವಾಗುತ್ತಿದ್ದುದರಿಂದ, ೨೦೦೫ರಲ್ಲಿ ನಾವು ಒಂದು ಮೊಬೈಲನ್ನು ಕೊಂಡು ತಂದೆವು. ಕಂಪೆನಿಯ ಹೆಸರನ್ನು ಕೇಳಿದ ಕೂಡಲೆ ತಾಯಿಯವರು, "ಹಚ್ಚೆಂದರೆ ಏನನ್ನು ಹಚ್ಚುವುದು? ದೀಪವನ್ನೋ, ಒಲೆಯನ್ನೋ?" ಎಂದು ನಕ್ಕರು.

ಹಚ್ ಎಂಬುದು ಹಚಿಸನ್ ಎಂಬುದರ ಮೊಟಕು ರೂಪ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಂಗ್‌ಕಾಂಗಿನಲ್ಲಿ ವ್ಯಾಪಾರ ಮಾಡಿದ ವರ್ತಕನೊಬ್ಬನ ಹೆಸರದು. ಆ ಹೆಸರಿನ ಕಂಪೆನಿಯವರು ೧೯೯೪ರಲ್ಲಿ ಬ್ರಿಟನ್ನಿನಲ್ಲಿ 'ಆರೆಂಜ್' ಎಂಬ ಮೊಬೈಲ್ ಸೇವೆಯನ್ನು ತೆರೆದರು; ಮುಂಬಯಿಯಲ್ಲಿಯೂ ೨೦೦೦ದಿಂದ ಕೆಲವು ವರ್ಷ ಅವರ ಸೇವೆಗೆ ಇದೇ ಹೆಸರಿದ್ದಿತು. ನಮ್ಮ ಕರ್ನಾಟಕಕ್ಕೆ ಅವರು ಕಾಲಿಟ್ಟದ್ದು ೨೦೦೨ರಲ್ಲಿ, ಹಚ್ ಎಂಬ ಹೆಸರಿನಿಂದಲೇ. ಅವರಿಗಿಂತ ಮೊದಲೇ ಇಲ್ಲಿ 'ಸ್ಪೈಸ್' ಎಂಬ ಬೇರೊಂದು ಕಂಪೆನಿಯಿದ್ದಿತು. ಒಬ್ಬರದು ಕಿತ್ತಳೆ, ಮತ್ತೊಬ್ಬರದು ಸಂಬಾರ ಪದಾರ್ಥ! ಇವರೆಲ್ಲರೂ ಕೊಡಗಿನ ತೋಟಗಳನ್ನು ಸುತ್ತಿಯೇ ಹೆಸರು ಆಯ್ದರೋ ಎಂದು ನಮಗೆ ತಮಾಷೆಯೆನಿಸುವುದುಂಟು.

ಹಚ್ಚಿನ ಜಾಹೀರಾತಿನಲ್ಲಿ ಮೊಂಡುಮೂತಿಯ ಪುಟ್ಟ ನಾಯಿಯೊಂದು ಬಾಲಕನ ಬೆನ್ನು ಬಿಡದೆ ಹೋಗುತ್ತಿದ್ದುದನ್ನು ವಾಚಕರು ಕಂಡಿರಬಹುದು. ನೀವು ಎಲ್ಲಿಗೆ ಹೋದರೂ ನಮ್ಮ ಜಾಲ ಹಿಂದೆ ಬರುವುದೆಂಬುದು ಅದರ ತಾತ್ಪರ್ಯ. ಕಾಡುಹಂದಿಗೆ ಎದುರು ನಿಲ್ಲುವ ನಾಯಿಗಳನ್ನು ಸಾಕಿದ ಮನೆಯವರಾದ ನಮಗೆ ಅದು ನಾಯಿಯೆಂದೇ ತೋರಲಿಲ್ಲ. ಅದಿರಲಿ. ಜಾಲವು ಹಿಂದೆ ಬರಬೇಕಾದರೆ ಗೋಪುರವು ಎದುರಿಗಿರಬೇಕು. ಒಂದೊಂದು ಗೋಪುರಕ್ಕೂ ಸುತ್ತಲಿನ ಇಷ್ಟು ನೆಲವೆಂದು ಹಂಚಿಕೊಟ್ಟಿರುವರು. ಆ ತುಂಡಿಗೆ ಸೆಲ್ ಎಂದು ಹೆಸರು, ಅದರಿಂದಲೇ ಸೆಲ್‌ಫೋನು. ಅದರ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗತಕ್ಕವು. ನಡುವೆ ಬೆಟ್ಟ ಬಂದರೆ ಸೋತುಹೋಗುವುವು. ಕೊಡಗಿನಲ್ಲಿ ಬೆಟ್ಟವಿಲ್ಲದ ನಡುವೆ ಎಲ್ಲಿಯುಂಟು? ಯಾವ ಕಂಪೆನಿಯ ಫೋನಾದರೂ ನಮ್ಮ ಅಂಗಳದಲ್ಲಿ ಸುಮ್ಮನಿರುತ್ತಿದ್ದಿತು. ಬಾಣೆಯ ತುದಿಯ ಅತ್ತಿಮರದ ಬುಡಕ್ಕೆ ಹೋದರೆ ಎರಡು ಗೆರೆ ರೇಂಜು ಸಿಕ್ಕುತ್ತಿದ್ದಿತು. ದಿನವೂ ರಾತ್ರಿ ಎಂಟು ಗಂಟೆಗೆ ತಾಯಿಯವರು ಟಾರ್ಚು ಹಿಡಿದು ಅಲ್ಲಿ ನಿಲ್ಲುವರು. ಅಕ್ಕನವರಿಂದ ಒಂದು ಮಿಸ್ಡ್ ಕಾಲ್ ಬಂದರೆ ಎಲ್ಲವೂ ಕ್ಷೇಮ; ಎರಡು ಬಂದರೆ ನಾವೇ ತಿರುಗಿ ಮಾಡಬೇಕು. ಕರೆನ್ಸಿ ಹಾಕಿಸುವುದು ಆಗ ಹಗುರವಾದ ಖರ್ಚಾಗಿರಲಿಲ್ಲ.

೨೦೦೭ರಲ್ಲಿ ಹಚ್ಚಿನ ಪಾಲನ್ನು ಬ್ರಿಟನ್ನಿನ ವೊಡಾಫೋನ್ ಕಂಪೆನಿಯವರು ಸುಮಾರು ೧,೧೦೦ ಕೋಟಿ ಡಾಲರಿಗೆ ಕೊಂಡರು. ಆ ಸೆಪ್ಟೆಂಬರು ೨೧ರಂದು ಹೆಸರು ಬದಲಾಯಿತು. ಜಾಹೀರಾತಿನ ನಾಯಿಯ ಗುಲಾಬಿ ಬಣ್ಣದ ಗೂಡು ಕೆಂಪಾಯಿತು. ಈ ಕಂಪೆನಿಯ ಹುಟ್ಟು ಸ್ವಾರಸ್ಯವಾದುದು. ಸೈನ್ಯಕ್ಕೆ ರೇಡಿಯೋಗಳನ್ನು ಮಾಡಿಕೊಡುತ್ತಿದ್ದ ರೇಕಲ್ ಎಂಬವರ ಶಾಖೆಯಾಗಿ ಅದು ಆರಂಭವಾಯಿತು. ಧ್ವನಿ, ದತ್ತಾಂಶ, ಫೋನು ಎಂಬ ಮೂರರ ಇಂಗ್ಲಿಷು ಮಾತುಗಳನ್ನು ಬೆಸೆದು ಈ ಹೆಸರನ್ನು ಕಟ್ಟಿದರು. ೧೯೮೫ನೆಯ ಇಸವಿಯ ಜನವರಿ ೧ರ ನಡುರಾತ್ರಿಯಲ್ಲಿ ರೇಕಲಿನ ಅಧ್ಯಕ್ಷರಾದ ಅರ್ನೆಸ್ಟ್ ಹ್ಯಾರಿಸನ್ನರ ಮಗನು ಲಂಡನ್ನಿನಿಂದ ತಂದೆಗೆ ಹೊಸ ವರ್ಷದ ಶುಭಾಶಯ ಹೇಳಿದನು. ಆ ಜಾಲದ ಮೊದಲ ಕರೆಯದು. ಆಗಿನ ಯಂತ್ರವು ಐದು ಕಿಲೋ ತೂಗುತ್ತಿದ್ದಿತಂತೆ. ಕಂಪೆನಿಯವರ ಕಚೇರಿಯು ನ್ಯೂಬರಿ ಎಂಬ ಊರಿನಲ್ಲಿ ಭಾರತೀಯ ಅಡುಗೆಯ ಹೋಟೆಲೊಂದರ ಮಾಳಿಗೆಯ ಮೇಲಿದ್ದಿತು. ಅಲ್ಲಿ ಪಂದಿಕರಿ ದೊರೆಯುತ್ತಿದ್ದಿತೋ ಇಲ್ಲವೋ ಎಂದು ಕೇಳಿದವರು ನಮ್ಮ ಭಾವನವರು.

ಮಗನು ತಂದೆಗೆ ಕರೆ ಮಾಡಿದ ಕಥೆ ತಾಯಿಯವರಿಗೆ ಮೆಚ್ಚಿಕೆಯಾಯಿತು. ಹೆಸರು ಮಾತ್ರ ನಾಲಗೆಗೆ ಹತ್ತಲಿಲ್ಲ. ಬಾಣೆಗೆ ಓಡಿ ಮಾತನಾಡುವುದರಿಂದ ಓಡಾಫೋನೇ ಸರಿಯೆಂದು ತೀರ್ಮಾನಿಸಿ ಹಾಗೆಯೇ ಬರೆದರು.

೨೦೧೮ರ ಆಗಸ್ಟು ತಿಂಗಳನ್ನು ಕೊಡಗಿನವರು ಮರೆಯುವಂತಿಲ್ಲ. ಬಿಡದೆ ಹೊಯ್ದ ಮಳೆಗೆ ೧೬, ೧೭ನೆಯ ತಾರೀಕುಗಳ ಸುಮಾರಿಗೆ ಮಡಿಕೇರಿಯ ಸುತ್ತಣ ಬೆಟ್ಟಗಳು ಕುಸಿದವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಎಂಬ ಹೆಸರುಗಳು ಒಂದರ ಹಿಂದೊಂದಾಗಿ ಸುದ್ದಿಯಲ್ಲಿ ಬಂದವು. ರಸ್ತೆಗಳು ಮುಚ್ಚಿದವು, ವಿದ್ಯುತ್ತು ಹೋಯಿತು. ಗೋಪುರಕ್ಕಾದರೂ ವಿದ್ಯುತ್ತು ಬೇಕು; ಅದಿಲ್ಲದಿದ್ದರೆ ಬ್ಯಾಟರಿ, ಅದು ಮುಗಿದರೆ ಡೀಸೆಲು. ಡೀಸೆಲು ಹೋಗಲು ದಾರಿಯೇ ಇಲ್ಲದ ಮೇಲೆ ಯಾರ ಗೋಪುರವಾದರೇನು? ಅಕ್ಕನವರಿಗೆ, ಭಾವನವರಿಗೆ, ನೆರೆಹೊರೆಯವರಿಗೆ ನಾವು ಎಷ್ಟು ಸಲ ಕರೆ ಮಾಡಿದೆವೋ ಲೆಕ್ಕವಿಲ್ಲ. ರಾತ್ರಿ ಎಂಟಕ್ಕೆ ಮಿಸ್ಡ್ ಕಾಲ್ ಬರಲಿಲ್ಲ. ಮೂರು ದಿನ ತಾಯಿಯವರು ಕೊಡೆ ಹಿಡಿದು, ಗೊರಗ ಹೊದ್ದು ಅತ್ತಿಮರದ ಬುಡವನ್ನು ಬಿಡಲಿಲ್ಲ. "ಅವ್ವ, ಒಳಗೆ ಬನ್ನಿ" ಎಂದರೆ, "ರೇಂಜು ಒಳಗಿದೆಯೆ?" ಎಂಬುದೊಂದೇ ಉತ್ತರ. ಊಟವನ್ನೂ ಅಲ್ಲಿಗೇ ಕೊಂಡೊಯ್ದೆವು.

ನಾಲ್ಕನೆಯ ದಿನ ಬೆಳಗ್ಗೆ ಗುರುತಿಲ್ಲದ ಸಂಖ್ಯೆಯೊಂದರಿಂದ ಕರೆ ಬಂದಿತು.

"ಅವ್ವಾ, ನಾನು. ಎಲ್ಲರೂ ಇದ್ದೇವೆ. ಮನೆ ಇಲ್ಲ."

ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಯಾರೋ ಪುಣ್ಯಾತ್ಮರಿಂದ ಫೋನು ಬೇಡಿ ಅಕ್ಕನವರು ಮಾತನಾಡಿದ್ದರು. ಅವರ ಫೋನು ಮನೆಯೊಡನೆ ಮಣ್ಣುಪಾಲಾಗಿದ್ದಿತು. ಬಂಧುಬಳಗದವರ ಸಂಖ್ಯೆಗಳೆಲ್ಲವೂ ಅದರಲ್ಲಿಯೇ ಇದ್ದವು. ಬೆಂಗಳೂರಿನಲ್ಲಿರುವ ಹೆತ್ತ ಮಗನ ಸಂಖ್ಯೆಯೇ ನೆನಪಿಗೆ ಬರಲಿಲ್ಲವಂತೆ. ಹದಿಮೂರು ವರ್ಷ ರಾತ್ರಿ ಎಂಟಕ್ಕೆ ಒತ್ತಿದ ಈ ಹತ್ತು ಅಂಕಿಗಳನ್ನು ಮಾತ್ರ ಬೆರಳುಗಳು ತಾವಾಗಿಯೇ ಒತ್ತಿದವಂತೆ. ಹಾಂಗ್‌ಕಾಂಗಿನವರು ಮಾರಿ ಬ್ರಿಟನ್ನಿನವರು ಕೊಂಡಾಗ ಅಂಕಿಗಳನ್ನೂ ಬದಲಿಸಿದ್ದರೆ ಏನಾಗುತ್ತಿದ್ದಿತೆಂದು ನೆನೆದರೆ ಈಗಲೂ ಮೈ ನಡುಗುವುದು.

ಅದೇ ತಿಂಗಳ ೩೧ರಂದು ವೊಡಾಫೋನೂ ಐಡಿಯಾ ಎಂಬ ಕಂಪೆನಿಯೂ ಒಂದಾದವು; ಆ ಐಡಿಯಾದವರೇ ಹಿಂದೆ, ೨೦೦೮ರಲ್ಲಿ, ಸ್ಪೈಸನ್ನು ಸೇರಿಸಿಕೊಂಡಿದ್ದವರು. ಪತ್ರಿಕೆಯಲ್ಲಿ ಅದು ದೊಡ್ಡ ಸುದ್ದಿಯಾಗಿದ್ದಿತು. ಅಕ್ಕನವರ ಸಂಸಾರವು ಆಗ ನಮ್ಮ ಮನೆಯಲ್ಲಿದ್ದಿತು. ಆ ಪತ್ರಿಕೆಯನ್ನು ನಾವು ಒದ್ದೆ ಕೊಡೆಗಳ ಕೆಳಗೆ ಹಾಸಿದ್ದೆವು.

೨೦೨೦ರ ಸೆಪ್ಟೆಂಬರು ೭ರಂದು ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ 'ವಿ' ಎಂದು ನಾಮಕರಣ ಮಾಡಿದರು. ಅದನ್ನು 'ನಾವು' ಎಂಬರ್ಥದ ಇಂಗ್ಲಿಷು ಮಾತಿನಂತೆ ಎಳೆದು ಉಚ್ಚರಿಸಬೇಕಂತೆ. ಅಷ್ಟರಲ್ಲಿ ಅಕ್ಕನವರು ಜಂಬೂರಿನಲ್ಲಿ ಸಂತ್ರಸ್ತರಿಗೆಂದು ಕಟ್ಟಿದ ಹೊಸ ಮನೆಗೆ ಹೋಗಿದ್ದರು. ಸುದ್ದಿ ಕೇಳಿದೊಡನೆ ಹಗಲಿನಲ್ಲಿಯೇ ಕರೆ ಮಾಡಿದರು.

"ಅವ್ವಾ, ಮತ್ತೆ ಹೆಸರು ಬದಲಿಸಿದರಂತೆ. ನಂಬರು?"

"ಅದೇ ಉಂಟು" ಎಂದು ತಾಯಿಯವರು ಲೆಕ್ಕದ ಪುಸ್ತಕವನ್ನು ತರಿಸಿ ಓಡಾಫೋನಿನ ಮೇಲೆ ಗೀಟೆಳೆದರು. ಎಷ್ಟು ಮಾತನಾಡಿದರೂ ಬೇರೆ ಕಾಸು ಕೊಡಬೇಕಾಗಿಲ್ಲದ ಕಾಲ ಅಷ್ಟರಲ್ಲಿ ಬಂದಿದ್ದಿತು. ಆದರೂ ಅಂದು ರಾತ್ರಿ ಎಂಟು ಗಂಟೆಗೆ ಫೋನು ಒಂದು ಸಲ ಬಡಿದು ನಿಂತಿತು.