ದಸರೆಯ ಲೋಕಲ್

ಮುಂಬಯಿಯ ಲೋಕಲ್ ರೈಲುಗಳಲ್ಲಿ ದಸರೆಗೆ ಡಬ್ಬಿ ಸಿಂಗರಿಸುವುದು ನಿತ್ಯ ಪ್ರಯಾಣಿಕರ ಹಳೆಯ ರೂಢಿ. ಹಬ್ಬದಂದು ಕಚೇರಿಗಳಿಗೆ ರಜೆ. ಹಾಗಾಗಿ ಹಿಂದಿನ ಕೆಲಸದ ದಿನವೇ ಒಂದೇ ಡಬ್ಬಿಯಲ್ಲಿ ಓಡಾಡುವ ಗುಂಪು ಗೊಂಡೆಹೂ, ಮಾವಿನೆಲೆ, ಬಣ್ಣದ ಕಾಗದ ಕಟ್ಟಿ, ದೇವಿಯ ಪಟಕ್ಕೆ ಆರತಿ ಎತ್ತಿ, ಪೇಡೆ ಹಂಚುತ್ತದೆ. ಕಾಂದಿವಲಿಯಲ್ಲಿ ಅಮ್ಮನ ಕೈಹಿಡಿದು ಹತ್ತುವ ಪುಟ್ಟ ಮಗುವಿಗೆ ಮಾಮೂಲು ದಿನ ಕಾಣುವುದು ಚೀಲ, ಸೆರಗು, ಮೊಣಕೈಗಳಷ್ಟೇ. ಅಂದು ಮಾತ್ರ ಕಣ್ಣೆಲ್ಲ ಮೇಲಕ್ಕೆ: ತೂಗಾಡುವ ಹಿಡಿಕೆಗಳಿಗೂ ಹೂ! ದಿನವೂ ಸೀಟಿಗಾಗಿ ಜಗಳವಾಡುವವರೇ ಮಗುವನ್ನು ಎತ್ತಿ ತೋರಣ ಮುಟ್ಟಿಸುತ್ತಾರೆ. ಮಲಾಡ್, ಗೋರೆಗಾಂವ್ ದಾಟುವಷ್ಟರಲ್ಲಿ ಗೊಂಡೆಯ ನಾಲ್ಕು ಎಸಳು ಮುಷ್ಟಿ ಸೇರಿರುತ್ತವೆ. 5 ವರ್ಷದೊಳಗಿನವರಿಗೆ ರೈಲಿನಲ್ಲಿ ಟಿಕೇಟು ಬೇಕಿಲ್ಲ. ಪೇಡೆಯಲ್ಲಿ ಮಾತ್ರ ಪೂರ್ತಿ ಪಾಲು.